ಕಡತ ವಿನಿಮಯದ ಅಂತರ್ಜಾಲ ತಾಣಗಳು: ಕಾನೂನಿನ ಹಾಗೂ ತಂತ್ರದ ತೊಡಕುಗಳು

ಗಣಕಯಂತ್ರದಲ್ಲಿ ದಾಖಲಾದ ಗ್ರಂಥ, ಸಂಗೀತ, ಚಿತ್ರ ಮೊದಲಾದವುಗಳಿಗೆ ‘ಕಡತ’ ಎಂಬುದು ಸಾಮಾನ್ಯ ನಾಮ. ಕಡತದಿಂದ ಎಷ್ಟು ಪ್ರತಿಗಳನ್ನು ತೆಗೆದರೂ ಮೂಲಕ್ಕೂ ಪ್ರತಿಗೂ ಭೇದವುಂಟಾಗುವುದಿಲ್ಲ. ಪ್ರತಿ ಮಾಡುವ ವೆಚ್ಚವೂ ಅತ್ಯಲ್ಪ. ಈ ಗುಣವೇ ವಿನಿಮಯ ತಾಣಗಳ ಬಲ, ಅವುಗಳ ಮೇಲಿನ ವ್ಯಾಜ್ಯಗಳಿಗೂ ಅದೇ ಮೂಲ. ಈ ವ್ಯಾಜ್ಯಗಳ ಸ್ವರೂಪವನ್ನರಿಯಲು ಎರಡು ಪ್ರಶ್ನೆಗಳನ್ನು ಮುಂದಿಟ್ಟುಕೊಳ್ಳುವುದು ಉಚಿತ: ಕಡತ ಎಲ್ಲಿದೆ? ಅದರ ಸೂಚಿ ಯಾರ ವಶದಲ್ಲಿದೆ?

1999ರಲ್ಲಿ ಅಮೆರಿಕದಲ್ಲಿ ಆರಂಭವಾದ ನ್ಯಾಪ್‌ಸ್ಟರ್ ವ್ಯವಸ್ಥೆಯಲ್ಲಿ ಸಂಗೀತದ ಕಡತಗಳು ಬಳಕೆದಾರರ ಯಂತ್ರಗಳಲ್ಲಿಯೇ ಇದ್ದವು. ಸೂಚಿ ಮಾತ್ರ ಸಂಸ್ಥೆಯ ಕೇಂದ್ರದಲ್ಲಿತ್ತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಧ್ವನಿಮುದ್ರಣ ಸಂಸ್ಥೆಗಳು ದಾವೆ ಹೂಡಿದವು. ಸೂಚಿಯನ್ನು ಹೊಂದಿದವನಿಗೆ ಮೇಲ್ವಿಚಾರಣೆಯ ಶಕ್ತಿಯೂ ಇದೆ, ಆದ್ದರಿಂದ ಹೊಣೆಯೂ ಇದೆ ಎಂಬುದು 2001ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯವಿತ್ತ ತೀರ್ಪಿನ ಸಾರ. ಆ ಬಳಿಕ ಕೃತಿಗಳ ಹೆಸರುಗಳನ್ನು ಹಿಡಿದು ಸೋಸುವ ಏರ್ಪಾಡಾಯಿತು. ಬಳಕೆದಾರರು ಹೆಸರಿನ ಅಕ್ಷರಗಳನ್ನು ಹಿಂದುಮುಂದಾಗಿಸಿ ಬರೆದದ್ದರಿಂದ ಸೋಸುವಿಕೆ ಪೂರ್ಣ ಫಲಿಸಲಿಲ್ಲ. ಅದೇ ಜುಲೈನಲ್ಲಿ ಸೇವೆ ನಿಂತಿತು.

ಸೂಚಿಯೇ ಹೊಣೆಗೆ ಕಾರಣವಾದರೆ ಸೂಚಿಯನ್ನೇ ಬಿಡುವುದು ಮುಂದಿನ ಉಪಾಯವಾಯಿತು. 2000ದಲ್ಲಿ ಪ್ರಕಟವಾದ ನುಟೆಲ್ಲಾ ಪದ್ಧತಿಯಲ್ಲಿ ಕೇಂದ್ರವಿಲ್ಲ. ಒಂದು ಯಂತ್ರ ಕೇಳಿದ ಪ್ರಶ್ನೆಯನ್ನು ನೆರೆಯ ಯಂತ್ರಗಳು ಮುಂದಿನವುಗಳಿಗೆ ದಾಟಿಸುತ್ತವೆ. ಯಂತ್ರಗಳು ಹೆಚ್ಚಿದಂತೆ ಪ್ರಶ್ನೆಗಳ ದಟ್ಟಣೆಯೇ ಜಾಲಕ್ಕೆ ಭಾರವಾಯಿತು. ಕಾನೂನೂ ಅಲ್ಲಿಗೇ ನಿಲ್ಲಲಿಲ್ಲ. ನ್ಯಾಯಸಮ್ಮತ ಉಪಯೋಗವೂ ಗಣನೀಯವಾಗಿರುವ ಸಾಧನವನ್ನು ಮಾರಿದ ಮಾತ್ರಕ್ಕೆ ದೋಷವಿಲ್ಲವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1984ರಲ್ಲಿ ವಿಡಿಯೋ ಮುದ್ರಣಯಂತ್ರದ ಪ್ರಕರಣದಲ್ಲಿ ಹೇಳಿತ್ತು. 2005ರ ಗ್ರಾಕ್‌ಸ್ಟರ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಹಕ್ಕಿನ ಉಲ್ಲಂಘನೆಗೆ ಪ್ರೇರೇಪಿಸುವ ಉದ್ದೇಶದಿಂದ ಸಾಧನವನ್ನು ಹಂಚಿದವನಿಗೆ ಆ ಆಶ್ರಯವಿಲ್ಲವೆಂದು ಏಕಾಭಿಪ್ರಾಯದಿಂದ ನಿರ್ಣಯಿಸಿತು. ವಿಚಾರಣೆಯ ವಿಷಯ ಯಂತ್ರದ ರಚನೆಯಿಂದ ಕರ್ತೃವಿನ ಉದ್ದೇಶಕ್ಕೆ ಸರಿಯಿತು.

2001ರ ಬಿಟ್‌ಟೊರೆಂಟ್ ಪದ್ಧತಿಯಲ್ಲಿ ಕಡತವು ಬಿಡಿಬಿಡಿ ಭಾಗಗಳಾಗಿ ಅನೇಕರಿಂದ ಬರುತ್ತದೆ. ಪ್ರತಿಯೊಂದು ಭಾಗಕ್ಕೂ ಗಣಿತದಿಂದ ಪಡೆದ ಮುದ್ರಾಂಕವೊಂದಿದ್ದು, ಒಂದಕ್ಷರ ವ್ಯತ್ಯಾಸವಾದರೂ ಅದು ಹೊಂದದೆ ಹೋಗಿ ಆ ಭಾಗ ತಿರಸ್ಕೃತವಾಗುತ್ತದೆ. ಸ್ವೀಡನ್ನಿನಲ್ಲಿ 2003ರಲ್ಲಿ ತೊಡಗಿದ ಪೈರೇಟ್ ಬೇ ತಾಣವು ಕೃತಿಗಳನ್ನಿರಿಸಿಕೊಳ್ಳದೆ, ಅವನ್ನು ಪಡೆಯುವ ದಾರಿಯನ್ನಷ್ಟೆ ತೋರಿಸುತ್ತಿತ್ತು. ಆದರೂ 2009ರ ಏಪ್ರಿಲ್ 17ರಂದು ಸ್ಟಾಕ್‌ಹೋಮಿನ ನ್ಯಾಯಾಲಯ ನಾಲ್ವರಿಗೆ ಒಂದೊಂದು ವರ್ಷದ ಸೆರೆವಾಸವನ್ನೂ ಒಟ್ಟು 3 ಕೋಟಿ ಕ್ರೋನರ್ ಪರಿಹಾರವನ್ನೂ ವಿಧಿಸಿತು. 2012ರಲ್ಲಿ ತಾಣವು ಮುದ್ರಾಂಕವನ್ನಷ್ಟೆ ಒಳಗೊಂಡ ಕೊಂಡಿಗಳನ್ನು ಅವಲಂಬಿಸಿತು. ಹೀಗೆ ಚದುರಿದ ವ್ಯವಸ್ಥೆಯ ದೌರ್ಬಲ್ಯ ಬೇರೆ: ಪೂರ್ಣಪ್ರತಿಯುಳ್ಳವರೆಲ್ಲರೂ ನಿರ್ಗಮಿಸಿದರೆ ಕೊಂಡಿಯಿದ್ದರೂ ಕೃತಿ ದೊರೆಯದು. ಗರಿಗಳು ಲುಪ್ತವಾದ ಓಲೆಕಟ್ಟಿನ ಸ್ಥಿತಿ ಅದರದು. ಕೇಳುವವರು ವಿರಳವಾದ ಕೃತಿಗಳೇ ಮೊದಲು ಹೀಗೆ ನಷ್ಟವಾಗುತ್ತವೆ.

ಕಡತಗಳನ್ನು ತಾವೇ ಸಂಗ್ರಹಿಸಿಡುವ ತಾಣಗಳದು ಇನ್ನೊಂದು ವರ್ಗ. ಹಕ್ಕುದಾರನ ದೂರು ಬಂದೊಡನೆ ಕಡತವನ್ನು ತೆಗೆದರೆ, ಇತರ ನಿಬಂಧನೆಗಳಿಗೊಳಪಟ್ಟು, ಅಮೆರಿಕದ 1998ರ ಕಾಯಿದೆ ಇವುಗಳಿಗೆ ರಕ್ಷಣೆ ನೀಡುತ್ತದೆ. ಮೆಗಾಅಪ್‌ಲೋಡ್ ತಾಣವು ಒಂದೇ ಕಡತಕ್ಕೆ ಅನೇಕ ಕೊಂಡಿಗಳನ್ನಿತ್ತು, ದೂರು ಬಂದಾಗ ಒಂದು ಕೊಂಡಿಯನ್ನು ಮಾತ್ರ ಅಳಿಸುತ್ತಿತ್ತೆಂಬುದು ಅದರ ಮೇಲಿನ ಆರೋಪಗಳಲ್ಲೊಂದು. 2012ರ ಜನವರಿಯಲ್ಲಿ ಅದನ್ನು ಮುಚ್ಚಿಸಿದಾಗ, ಸ್ವಂತ ಬರಹ ಚಿತ್ರಗಳನ್ನು ಅಲ್ಲಿರಿಸಿದ್ದ ನಿರ್ದೋಷಿಗಳಿಗೂ ಅವು ಅಲಭ್ಯವಾದವು. ಮರುವರ್ಷ ನೆದರ್ಲೆಂಡ್ಸ್‌ನಲ್ಲಿದ್ದ ನೂರಾರು ಯಂತ್ರಗಳ ದತ್ತ ಅಳಿಸಿಹೋಯಿತು.

ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 2012ರ ತಿದ್ದುಪಡಿ ಹಾಗೂ 2013ರ ನಿಯಮಗಳು ದೂರಿನ ಪರಿಶೀಲನೆಗೆ ಕಾಲವನ್ನು ಗೊತ್ತುಪಡಿಸಿವೆ. ಕೊಂಡಿ ಮೊದಲಾದವುಗಳ ಪೂರೈಕೆಯಲ್ಲಿ ತಾತ್ಕಾಲಿಕವಾಗಿ ಸಂಗ್ರಹವಾದ ಕೃತಿಯ ವಿಷಯದಲ್ಲಿ ಉಲ್ಲಂಘನೆ ಮನವರಿಕೆಯಾದರೆ 36 ಗಂಟೆಗಳೊಳಗೆ ತಡೆಯಬೇಕು. 21 ದಿನಗಳಲ್ಲಿ ನ್ಯಾಯಾಲಯದ ಆದೇಶ ಬಾರದಿದ್ದರೆ ತಡೆಯನ್ನು ತೆರವು ಮಾಡಬಹುದು. ಹೆಸರನ್ನು ಬದಲಿಸಿ ಮರಳಿ ಬರುವ ತಾಣಗಳಿಗೂ ಅನ್ವಯಿಸುವಂತಹ ತಡೆಯಾಜ್ಞೆಯನ್ನು ದೆಹಲಿ ಉಚ್ಚ ನ್ಯಾಯಾಲಯ 2019ರಲ್ಲಿ ಅಂಗೀಕರಿಸಿತು.

ಎರಡು ಕಡತಗಳು ಒಂದೇ ಎಂಬುದನ್ನು ಮುದ್ರಾಂಕ ಹೇಳಬಲ್ಲದು; ಅದನ್ನು ಹಂಚುವ ಅಧಿಕಾರ ಯಾರಿಗಿದೆ ಎಂಬುದನ್ನು ಹೇಳಲಾರದು. ಪ್ರಾಚೀನ ಕಾವ್ಯದ ಮೂಲಪಾಠ ಸರ್ವರ ಸೊತ್ತು. ಅದೇ ಸಂಪುಟದಲ್ಲಿರುವ ಆಧುನಿಕ ಸಂಪಾದಕರ ಪೀಠಿಕೆ, ವ್ಯಾಖ್ಯಾನಗಳು ಭಾರತದಲ್ಲಿ ಸಾಮಾನ್ಯವಾಗಿ ಅವರ ಮರಣಾನಂತರ 60 ವರ್ಷಗಳವರೆಗೆ ಹಕ್ಕಿಗೊಳಪಟ್ಟವು. ಯಂತ್ರಕ್ಕೆ ಎರಡೂ ಒಂದೇ ಕಡತ. ಆದಕಾರಣ ಹಂಚುವ ಮುನ್ನ ಪ್ರತಿಯ ಆಕರ, ಸಂಪಾದಕ, ಪ್ರಕಟಣೆಯ ವರ್ಷ, ಹಕ್ಕಿನ ಸ್ಥಿತಿ ಇವನ್ನು ಕಡತದೊಡನೆಯೇ ದಾಖಲಿಸುವುದು ಆವಶ್ಯಕ. ಒಂದೇ ತಾಣವನ್ನು ನಂಬಿ ಏಕೈಕ ಪ್ರತಿಯನ್ನು ಅಲ್ಲಿರಿಸುವುದು ಕ್ಷೇಮಕರವಲ್ಲವೆಂಬುದೂ ಮೇಲಿನ ವೃತ್ತಾಂತದಿಂದ ಸ್ಪಷ್ಟ.