ನೆಲದಡಿಯ ಪೈಪಿಗೆ ಪೆಟ್ಟು: ಅಪಾಯ ಅಳೆಯುವುದು ಹೇಗೆ?

ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಉಕ್ಕಿನ ಪೈಪು ಅನೇಕ ಬೆಳೆಗಾರರ ಜಮೀನಿನಡಿ ಹಾದುಹೋಗಿದೆ. ಅಗೆಯುವಾಗ ಜೆ.ಸಿ.ಬಿ.ಯ ಹಲ್ಲು ತಾಗಿದರೂ ಎಣ್ಣೆ ಸೋರಲಿಲ್ಲವೆಂದು ಮಣ್ಣು ಮುಚ್ಚಿಬಿಟ್ಟರೆ ಏನಾದೀತು?

ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನಲ್ಲಿ 1994ರಲ್ಲಿ ಹೀಗೆಯೇ ಆಯಿತು. ನೀರು ಶುದ್ಧೀಕರಣ ಘಟಕದ ಕೆಲಸಕ್ಕೆ ಅಗೆಯುವಾಗ ಯಂತ್ರವು ಪೆಟ್ರೋಲ್ ಪೈಪಿಗೆ ತಾಗಿತು. ಮುಂದೆ ತಪಾಸಣೆಯಲ್ಲಿ ದೋಷದ ಸುಳಿವು ಸಿಕ್ಕರೂ ಯಾರೂ ಅಗೆದು ನೋಡಲಿಲ್ಲ. 1999ರ ಜೂನ್ 10ರಂದು ಒಳಗಿನ ಒತ್ತಡ ಏರಿ ಪೈಪು ಬಿರಿಯಿತು. ಸುಮಾರು 9 ಲಕ್ಷ ಲೀಟರ್ ಪೆಟ್ರೋಲು ಹೊಳೆಗೆ ಹರಿದು ಹೊತ್ತಿಕೊಂಡಿತು. ಇಬ್ಬರು ಬಾಲಕರೂ ಒಬ್ಬ ಯುವಕನೂ ಪ್ರಾಣ ಕಳೆದುಕೊಂಡರು.

ನೆಗ್ಗಿನ ಲೆಕ್ಕ: ಗೀರಿಲ್ಲದ ನುಣುಪಾದ ನೆಗ್ಗು ಪೈಪಿನ ವ್ಯಾಸದ ಶೇ. 6ನ್ನು ಮೀರಿದರೆ ದುರಸ್ತಿ ಆಗಲೇಬೇಕೆಂಬುದು ಬಳಕೆಯಲ್ಲಿರುವ ನಿಯಮ. 400 ಮಿ.ಮೀ. ಪೈಪಿಗೆ ಇದು 24 ಮಿ.ಮೀ. ಆದರೆ ನೆಗ್ಗಿನೊಳಗೆ ಗೀರಿದ್ದರೆ ಅಥವಾ ಅದು ಬೆಸುಗೆಯ ಮೇಲಿದ್ದರೆ ಆಳ ಕಡಿಮೆಯಿದ್ದರೂ ನಂಬುವಂತಿಲ್ಲ. ಒತ್ತಡ ಏರಿಳಿದಂತೆಲ್ಲ ನೆಗ್ಗು ಉಬ್ಬಿ ತಗ್ಗುತ್ತದೆ. ಗೀರಿನ ಬುಡದಿಂದ ಬಿರುಕು ಬೆಳೆಯುತ್ತದೆ.

ಸವೆತದ ಲೆಕ್ಕ: ತುಕ್ಕಿನಿಂದ ಲೋಹ ಸವೆದಲ್ಲಿ ಆಳದ ಜೊತೆಗೆ ಉದ್ದವನ್ನೂ ಅಳೆಯುತ್ತಾರೆ. ಒಂದೇ ಆಳದ ಎರಡು ಸವೆತಗಳಲ್ಲಿ ಪೈಪಿನುದ್ದಕ್ಕೆ ಹೆಚ್ಚು ಹಬ್ಬಿದ್ದೇ ಹೆಚ್ಚು ಅಪಾಯಕರ. ದಪ್ಪದ ಶೇ. 80ಕ್ಕಿಂತ ಹೆಚ್ಚು ಸವೆದಿದ್ದರೆ ಲೆಕ್ಕಕ್ಕೆ ಅವಕಾಶವೇ ಇಲ್ಲ, ದುರಸ್ತಿಯೇ ದಾರಿ. ಇದನ್ನು ಪತ್ತೆಹಚ್ಚಲು ಪೈಪಿನೊಳಗೆ ಅಯಸ್ಕಾಂತವುಳ್ಳ ಉಪಕರಣವನ್ನು ಎಣ್ಣೆಯೊಡನೆ ಹರಿಯಬಿಡುತ್ತಾರೆ. ಲೋಹ ತೆಳುವಾದಲ್ಲಿ ಕಾಂತಬಲ ಹೊರಸೂಸುತ್ತದೆ. ಉಪಕರಣ ಅದನ್ನು ದಾಖಲಿಸುತ್ತದೆ.

ಬೆಳೆಗಾರರು ಗಮನಿಸಬೇಕಾದದ್ದು: 1962ರ ಪೈಪ್‌ಲೈನ್ ಕಾಯ್ದೆಯಂತೆ ಪೈಪು ಹಾದ ಪಟ್ಟಿಯಲ್ಲಿ ಕಟ್ಟಡ ಕಟ್ಟುವಂತಿಲ್ಲ, ಕೆರೆ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಆದ್ದರಿಂದ ಅಡಿಕೆ ಸಸಿಗೆ ಗುಂಡಿ ತೆಗೆಯುವ ಮೊದಲು ಗುರುತಿನ ಕಲ್ಲುಗಳನ್ನು ನೋಡಿಕೊಳ್ಳಿ. ಅಕಸ್ಮಾತ್ ಪೈಪಿಗೆ ಏನಾದರೂ ತಾಗಿದರೆ ಮಣ್ಣು ಮುಚ್ಚಬೇಡಿ, ಕೆಲಸ ನಿಲ್ಲಿಸಿ, ಆಳುಗಳನ್ನು ದೂರ ಕಳಿಸಿ, ಗುರುತುಫಲಕದಲ್ಲಿರುವ ದೂರವಾಣಿಗೆ ಕೂಡಲೇ ತಿಳಿಸಿ. ಹೊರಗಿನಿಂದ ಸಣ್ಣದಾಗಿ ಕಂಡ ಗೀರನ್ನು ತೀರ್ಮಾನಿಸಬೇಕಾದವರು ಅಳೆದು ನೋಡಬಲ್ಲ ತಜ್ಞರು.