ಬೇಗ ಮನೆಗೆ ಮರಳದ ದಾರಿಗಳು

ಒಂದು ದೇಶದಲ್ಲಿ ಹತ್ತು ಲಕ್ಷ ದೂರವಾಣಿ ಕೇಂದ್ರಗಳಿವೆ ಎನ್ನಿ. ಒಂದೊಂದು ಕೇಂದ್ರಕ್ಕೂ ನಾಲ್ಕೇ ತಂತಿ. ತಾಮ್ರವೇನು ಪುಕ್ಕಟೆ ಸಿಗುವುದಿಲ್ಲ. ಆದರೂ ಎಲ್ಲಿಂದ ಎಲ್ಲಿಗಾದರೂ ಕೆಲವೇ ಹೆಜ್ಜೆಗಳಲ್ಲಿ ಸುದ್ದಿ ಮುಟ್ಟಬೇಕು. ಅಲ್ಲೊಂದು ಇಲ್ಲೊಂದು ತಂತಿ ಕಡಿದರೆ ದೇಶ ಎರಡು ಹೋಳಾಗಬಾರದು. ತಂತಿ ಕಡಿಮೆಯಿದ್ದೂ ಹೆಣಿಗೆ ಗಟ್ಟಿಯಾಗಿರುವ ಇಂಥ ಜಾಲಗಳನ್ನು ಗಣಿತಜ್ಞರು ‘ಎಕ್ಸ್‌ಪಾಂಡರ್’ ಎನ್ನುತ್ತಾರೆ.

ಇದರ ಮೇಲೆ ಇನ್ನೊಂದು ಬೇಡಿಕೆ. ಒಂದು ಕೇಂದ್ರದಿಂದ ಹೊರಟವನು, ಬಂದ ತಂತಿಯಲ್ಲೇ ಹಿಂದಿರುಗದೆ ಸಾಗಿದರೆ, ಬೇಗನೆ ಹೊರಟಲ್ಲಿಗೇ ಬಂದು ನಿಲ್ಲಬಾರದು. ಅತಿ ಚಿಕ್ಕ ಸುತ್ತಿನ ಉದ್ದವೇ ಜಾಲದ ‘ಸುತ್ತಳತೆ’. ಸಂದೇಶಗಳ ತಪ್ಪು ತಿದ್ದುವ ಸಂಕೇತಗಳಲ್ಲಿ ಚಿಕ್ಕ ಸುತ್ತುಗಳು ದೊಡ್ಡ ಪೀಡೆ. ತಾನೇ ಹಬ್ಬಿಸಿದ ಗಾಳಿಸುದ್ದಿಯನ್ನು ಬೇರೊಬ್ಬರ ಬಾಯಲ್ಲಿ ಕೇಳಿ ‘ಹಾಗಾದರೆ ನಿಜವೇ ಇರಬೇಕು’ ಎಂದು ನಂಬಿದ ಹಾಗೆ, ಅನುಮಾನದ ಮಾಹಿತಿಯೇ ಸುತ್ತಿ ಬಂದು ಹೊಸ ಸಾಕ್ಷಿಯಾಗಿಬಿಡುತ್ತದೆ.

ಚೀಟಿ ಎತ್ತಿದಂತೆ ತಂತಿ ಎಳೆದರೆ ಬಹುಮಟ್ಟಿಗೆ ಎಕ್ಸ್‌ಪಾಂಡರ್ ದೊರೆಯುತ್ತದೆಂದು 1973ರಲ್ಲಿ ಪಿನ್ಸ್ಕರ್ ತೋರಿಸಿದ್ದರು. ಆದರೆ ಅಂಥ ಜಾಲದಲ್ಲಿ ಪುಟ್ಟ ಸುತ್ತುಗಳು ಸಾಮಾನ್ಯವಾಗಿ ಉಳಿದುಬಿಡುತ್ತವೆ. ‘ಇದೆ’ ಎನ್ನುವುದು ಬೇರೆ, ‘ಇಗೋ’ ಎಂದು ಕಟ್ಟಿ ತೋರಿಸುವುದು ಬೇರೆ. ಎಕ್ಸ್‌ಪಾಂಡರನ್ನು ಮೊದಲು ಕಟ್ಟಿ ತೋರಿಸಿದವರು ಮಾಸ್ಕೋದ ಗ್ರಿಗೊರಿ ಮಾರ್ಗುಲಿಸ್, ಅದೇ 1973ರಲ್ಲಿ. 1978ರಲ್ಲಿ ಫೀಲ್ಡ್ಸ್ ಪದಕ ಬಂದಾಗ ಅದನ್ನು ಪಡೆಯಲು ಹೆಲ್ಸಿಂಕಿಗೆ ಹೋಗಲು ಸೋವಿಯತ್ ಸರ್ಕಾರ ಅವರನ್ನು ಬಿಡಲಿಲ್ಲ. ಅವರಿದ್ದದ್ದು ಸಂದೇಶ ರವಾನೆಯ ಸಮಸ್ಯೆಗಳಿಗೆಂದೇ ಇದ್ದ ಸಂಸ್ಥೆಯಲ್ಲಿ. ಗಣಿತಕ್ಕೆ ಅದರಿಂದ ಲಾಭವೇ ಆಯಿತು.

1982ರಲ್ಲಿ ಅವರು ಸುತ್ತಳತೆಗೆ ಕೈಹಾಕಿದರು. ಸಾಮಗ್ರಿ ಅತಿ ಸರಳ: ಎರಡು ಮಾತೃಕೆಗಳು. ಒಂದರ ಮೇಲಿನ ಸಾಲು 1, 2. ಕೆಳಗಿನದು 0, 1. ಇನ್ನೊಂದರಲ್ಲಿ 1, 0 ಮತ್ತು 2, 1. ಈಗ 101ರಂಥ ಒಂದು ಅವಿಭಾಜ್ಯ ಸಂಖ್ಯೆ ತೆಗೆದುಕೊಂಡು, ಲೆಕ್ಕವನ್ನೆಲ್ಲ ಅದರಿಂದ ಭಾಗಿಸಿದಾಗ ಉಳಿಯುವ ಶೇಷದಲ್ಲೇ ಮಾಡಬೇಕು. ನಿರ್ಧಾರಕ 1 ಆಗಿರುವ ಮಾತೃಕೆಗಳು ಆಗ 10,30,200. ಅವೇ ಕೇಂದ್ರಗಳು. ಆ ಎರಡು ಮಾತೃಕೆಗಳಿಂದ ಅಥವಾ ಅವುಗಳ ವಿಲೋಮಗಳಿಂದ ಗುಣಿಸಿದರೆ ಪಕ್ಕದ ಕೇಂದ್ರ ಸಿಗುತ್ತದೆ. ಹೀಗೆ ನಾಲ್ಕು ತಂತಿ.

ಚಿಕ್ಕ ಸುತ್ತು ಏಕಿಲ್ಲ? ಶೇಷದ ಗೊಡವೆಯಿಲ್ಲದೆ ಗುಣಿಸುತ್ತ ಹೋದರೆ, ಮಾಡಿದ ಹೆಜ್ಜೆಯನ್ನು ಕೂಡಲೇ ಅಳಿಸದವರೆಗೆ ಹೊರಟಲ್ಲಿಗೆ ಎಂದೂ ಮರಳುವುದಿಲ್ಲ. ಇದು ಹಳೆಯ ಪ್ರಮೇಯ. ಶೇಷದ ಲೆಕ್ಕದಲ್ಲಿ ಮರಳಿದಂತೆ ಕಂಡರೆ, ಒಳಗಿನ ಸಂಖ್ಯೆಗಳು 101ರ ಪ್ರಮಾಣಕ್ಕೆ ಬೆಳೆದು ಗಡಿಯಾರದ ಮುಳ್ಳಿನಂತೆ ಸುತ್ತು ಹೊಡೆದಿರಬೇಕು. ಆದರೆ ಒಂದು ಗುಣಾಕಾರಕ್ಕೆ ಮಾತೃಕೆಯ ಗಾತ್ರ ಹೆಚ್ಚೆಂದರೆ ಸುಮಾರು 2.41 ಪಟ್ಟು ಬೆಳೆಯುತ್ತದೆ. ಲೆಕ್ಕ ಹಾಕಿದರೆ ಒಂಬತ್ತು ಹೆಜ್ಜೆಗಿಂತ ಚಿಕ್ಕ ಸುತ್ತು ಅಸಾಧ್ಯ. ಅವಿಭಾಜ್ಯ ಸಂಖ್ಯೆಯ ಅಂಕಿಗಳು ಹೆಚ್ಚಿದಂತೆ ಸುತ್ತಳತೆಯೂ ಏರುತ್ತದೆ. ತಂತಿ ಮಾತ್ರ ನಾಲ್ಕೇ.

ಈ ಜಾಲ ಗಟ್ಟಿಯೂ ಹೌದು. ಅದಕ್ಕೆ ಆಧಾರ ಸೆಲ್ಬರ್ಗ್ 1965ರಲ್ಲಿ ಸಾಧಿಸಿದ ಆಳವಾದ ಪ್ರಮೇಯ. 1988ರಲ್ಲಿ ಲುಬೋಟ್ಸ್ಕಿ, ಫಿಲಿಪ್ಸ್, ಸಾರ್ನಾಕ್ ಮೂವರೂ, ಅವರಿಂದ ಸ್ವತಂತ್ರವಾಗಿ ಮಾರ್ಗುಲಿಸರೂ ಇನ್ನೂ ಉತ್ತಮ ಜಾಲಗಳನ್ನು ಕಟ್ಟಿದರು. ಶ್ರೀನಿವಾಸ ರಾಮಾನುಜನ್ 1916ರಲ್ಲಿ ಮುಂದಿಟ್ಟ ಊಹೆಯ ವಿಸ್ತೃತ ರೂಪ ಅಲ್ಲಿ ನೆರವಾದ್ದರಿಂದ ಅವುಗಳಿಗೆ ‘ರಾಮಾನುಜನ್ ಗ್ರಾಫ್’ ಎಂದೇ ಹೆಸರು.

ಇಷ್ಟಾದರೂ ಒಂದು ಕಿರಿಕಿರಿ ಉಳಿದಿತ್ತು. ಮಾತೃಕೆಗಳಲ್ಲಿ 2ರ ಜಾಗಕ್ಕೆ 3 ಹಾಕಿದರೆ? ಸುತ್ತಳತೆಯ ವಾದಕ್ಕೆ ಏನೂ ಊನವಾಗದು. ಆದರೆ ಆಗ ಹುಟ್ಟುವ ಪೂರ್ಣಾಂಕ ಮಾತೃಕೆಗಳು ತೀರ ವಿರಳ. ಸೆಲ್ಬರ್ಗರ ಪ್ರಮೇಯ ಅಲ್ಲಿಗೆ ತಲುಪುವುದಿಲ್ಲ. ಲುಬೋಟ್ಸ್ಕಿ ಕೇಳಿದ ಈ ಪ್ರಶ್ನೆ ‘ಒಂದು-ಎರಡು-ಮೂರು ಸಮಸ್ಯೆ’ ಎಂದೇ ಪ್ರಸಿದ್ಧ. ಜೀನ್ ಬೂರ್ಗೇನ್ ಮತ್ತು ಅಲೆಕ್ಸ್ ಗಂಬುರ್ಡ್ 2008ರಲ್ಲಿ ಪ್ರಕಟಿಸಿದ ಉತ್ತರ: ಅದೂ ಎಕ್ಸ್‌ಪಾಂಡರೇ. ಅವರು ಹಿಡಿದ ಮೊದಲ ಎಳೆ ಸುತ್ತಳತೆಯೇ. ಸುತ್ತು ದೊಡ್ಡದಾದ್ದರಿಂದ ಗೊತ್ತುಗುರಿಯಿಲ್ಲದೆ ಅಲೆಯುವವನೂ ಮೊದಲ ಕೆಲವು ಹೆಜ್ಜೆಗಳಲ್ಲೇ ಸಾಕಷ್ಟು ಕೇಂದ್ರಗಳಿಗೆ ಚದರಿಹೋಗಿರುತ್ತಾನೆ. ಅಲ್ಲಿಂದ ಮುಂದಕ್ಕೆ ಹೆಲ್ಫ್‌ಗಾಟ್ ಎಂಬ ತರುಣನ ಹೊಸ ಪ್ರಮೇಯ ಕೈಹಿಡಿಯಿತು.