ಶುಗರ್ ಚೀಟಿಯಲ್ಲಿ ಕಾಣದ ಕಾಯಿಲೆ

"ಹಸಿವಿಲ್ಲ, ನಿದ್ದಿ ಬರಲ್ಲ, ಯಾದರ ಮ್ಯಾಲೂ ಮನಸಿಲ್ಲ." ತೆಲಂಗಾಣದ ಗಡಿ ಊರುಗಳಾದ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಕನ್ನಡದ ಮನೆಗಳಲ್ಲಿ ವರ್ಷಗಟ್ಟಲೆ ಶುಗರ್ ಗುಳಿಗೆ ನುಂಗುತ್ತಿರುವವರು ಹೀಗೆಂದರೆ ಮನೆಮಂದಿ ಅದನ್ನೂ ಶುಗರ್ ಲೆಕ್ಕಕ್ಕೇ ಹಾಕುತ್ತಾರೆ. ವೈದ್ಯರೂ ಎಷ್ಟೋ ಸಲ ರಕ್ತ ಪರೀಕ್ಷೆಯ ಚೀಟಿ ನೋಡಿ ಡೋಸ್ ಏರಿಸಿ ಕಳಿಸುತ್ತಾರೆ. ಮುಂದಿನ ತಿಂಗಳೂ ಸಕ್ಕರೆ ಇಳಿದಿರುವುದಿಲ್ಲ. ಹಿಂದಿನ ಸಲ ಬರೆದುಕೊಟ್ಟ ಗುಳಿಗೆಗಳಲ್ಲಿ ಅರ್ಧದಷ್ಟು ಪಾಕೀಟಿನಲ್ಲೇ ಉಳಿದಿರುತ್ತವೆ, ಅದನ್ನು ಯಾರೂ ಕೇಳಿರುವುದಿಲ್ಲ.

ಮಧುಮೇಹ ಇದ್ದವರಲ್ಲಿ ಖಿನ್ನತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಜಡ್ಡು ಬಂದ ಮೇಲೆ ಬೇಸರ ಇರುವುದೇ ಎಂದು ಸುಮ್ಮನಾಗುವಂತಿಲ್ಲ. ಖಿನ್ನತೆ ದೇಹದೊಳಗೂ ಕೆಲಸ ಮಾಡುತ್ತದೆ. ಖಿನ್ನತೆಯಿಂದ ಕಾರ್ಟಿಸೋಲ್ ಎಂಬ ಹಾರ್ಮೋನು ಏರಿದರೆ ಯಕೃತ್ತು ಹೆಚ್ಚು ಗ್ಲುಕೋಸನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ ಮಾತು ಜೀವಕೋಶಗಳು ಕೇಳುವುದು ಕಡಿಮೆಯಾಗುತ್ತದೆ. ಅದರ ಮೇಲೆ, ಮನಸ್ಸು ಕುಂದಿದವರು ನಡೆದಾಡುವುದಿಲ್ಲ, ಗುಳಿಗೆ ತಪ್ಪಿಸುತ್ತಾರೆ. ಹೃದಯದ ವಿಷಯ ಇನ್ನೂ ಕಠಿಣ. ಕೆನಡಾದ ಮಾಂಟ್ರಿಯಲ್‌ನಲ್ಲಿ ನ್ಯಾನ್ಸಿ ಫ್ರೇಜರ್-ಸ್ಮಿತ್ ತಂಡ ಹೃದಯಾಘಾತವಾದ 222 ಮಂದಿಯನ್ನು ಗಮನಿಸಿ 1993ರಲ್ಲಿ ವರದಿ ಮಾಡಿತು: ಮೊದಲ ಆರು ತಿಂಗಳಲ್ಲಿ ಸಾವಿನ ಅಪಾಯ ಖಿನ್ನರಾದವರಲ್ಲಿ ಸುಮಾರು ನಾಲ್ಕು ಪಟ್ಟು.

ಗುರುತಿಸುವುದೇ ತೊಡಕು. ಸುಸ್ತು, ನಿದ್ದೆಗೇಡು, ಹಸಿವಿನ ಏರುಪೇರು ಶುಗರಿನಲ್ಲೂ ಖಿನ್ನತೆಯಲ್ಲೂ ಇರುತ್ತವೆ. ಥೈರಾಯ್ಡ್ ಕೊರತೆ, ರಕ್ತಹೀನತೆಯೂ ಹೀಗೇ ಕಾಣಬಹುದು, ಅವನ್ನು ಮೊದಲು ಪರೀಕ್ಷಿಸಬೇಕು. ಕೆಲವೊಮ್ಮೆ ಔಷಧವೇ ಕಾರಣ. ಸಾಮಾನ್ಯ ಔಷಧಕ್ಕೆ ಬಗ್ಗದ ಕ್ಷಯಕ್ಕೆ ಕೊಡುವ ಸೈಕ್ಲೋಸೆರಿನ್ ಕೆಲವರಲ್ಲಿ ಖಿನ್ನತೆ ತರುತ್ತದೆ. ಮೈಯ ಲಕ್ಷಣಗಳಿಂದಷ್ಟೇ ತಿಳಿಯದ ಕಾರಣ ವೈದ್ಯರು ಎರಡು ಪ್ರಶ್ನೆಯಿಂದ ಶುರು ಮಾಡುತ್ತಾರೆ: ಕಳೆದ ಎರಡು ವಾರಗಳಲ್ಲಿ ಮನಸ್ಸು ಕುಗ್ಗಿತ್ತೇ? ಮೊದಲು ಖುಷಿ ಕೊಡುತ್ತಿದ್ದ ಕೆಲಸದಲ್ಲಿ ಆಸಕ್ತಿ ಹೋಗಿದೆಯೇ? ಮೊಮ್ಮಕ್ಕಳು ಬಂದರೂ ಮುಖ ಅರಳದಿದ್ದರೆ, "ನಾ ಇದ್ದು ಏನ್ ಉಪಯೋಗ" ಎಂಬ ಮಾತು ಬಂದರೆ, ಅದು ಶುಗರಿನ ಸುಸ್ತಲ್ಲ. ಸಾಯುವ ಮಾತು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಒಂಟಿಯಾಗಿ ಬಿಡಬಾರದು.

ಶುಗರ್, ಖಿನ್ನತೆ ಎರಡನ್ನೂ ಒಟ್ಟಿಗೆ ನೋಡಿದರೆ ಗುಣ ಕಾಣುತ್ತದೆಯೇ? ಚೆನ್ನೈ, ದೆಹಲಿ, ವಿಶಾಖಪಟ್ಟಣ ಮತ್ತು ನಮ್ಮ ಬೆಂಗಳೂರಿನ ಮಧುಮೇಹ ಆಸ್ಪತ್ರೆಗಳಲ್ಲಿ 404 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಹೌದು ಎನ್ನುತ್ತದೆ. ಅಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸಂಯೋಜಕರು ರೋಗಿಯನ್ನು ಬೆನ್ನುಬಿಡದೆ ವಿಚಾರಿಸಿದರು, ತಜ್ಞರು ಹಿಂದಿನಿಂದ ಸಲಹೆ ಕೊಟ್ಟರು. ಎರಡು ವರ್ಷದ ಹೊತ್ತಿಗೆ ಖಿನ್ನತೆ ಅರ್ಧಕ್ಕಿಳಿದು, ಜತೆಗೆ ಸಕ್ಕರೆ, ಬಿಪಿ, ಕೊಲೆಸ್ಟರಾಲ್‌ಗಳಲ್ಲಿ ಒಂದಾದರೂ ಸುಧಾರಿಸಿದವರು ಆ ಗುಂಪಿನಲ್ಲಿ ಶೇ. 71.6, ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ. 57.4. ನನಗೆ ಇದರಲ್ಲಿ ಮುಖ್ಯವೆನಿಸುವುದು ಆ ಸಂಯೋಜಕರು. ಗಡಿ ಊರುಗಳಲ್ಲಿ ಆಸ್ಪತ್ರೆಯ ಮಾತು ತೆಲುಗಿನಲ್ಲಿ, ಉರ್ದುವಿನಲ್ಲಿ ನಡೆಯುತ್ತದೆ. ಮೈನೋವನ್ನು ಆ ಭಾಷೆಗಳಲ್ಲಿ ಹೇಳಬಲ್ಲ ಹಿರಿಯರಿಗೆ ಒಳಗಿನ ಸಂಕಟ ಹೇಳಲು ಮನೆಯ ಕನ್ನಡವೇ ಬೇಕು. ಮನೆ ಮನೆಗೆ ಬರುವ ಆಶಾ ಕಾರ್ಯಕರ್ತೆ ಆ ಎರಡು ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಿದರೆ ಅರ್ಧ ದಾರಿ ಸಾಗಿದಂತೆ.

ಖಿನ್ನತೆಯ ಗುಳಿಗೆಯ ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಹೆಚ್ಚು. ಮೊದಲ ವಾರವೇ "ಏನೂ ಫರಕ್ ಬೀಳಲಿಲ್ಲ" ಎಂದು ಬಿಡುವವರೇ ಬಹಳ. ಇತರ ಔಷಧಗಳ ಪಟ್ಟಿಯನ್ನು ವೈದ್ಯರಿಗೆ ತೋರಿಸಬೇಕು, ಏಕೆಂದರೆ ಕೆಲವು ಒಂದಕ್ಕೊಂದು ಹೊಂದುವುದಿಲ್ಲ. ದೂರದ ಆಸ್ಪತ್ರೆಗೆ ಹೋಗಲಾಗದವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. ಸಂಖ್ಯೆ 14416, ಕರೆ ಉಚಿತ, ಹಗಲು ರಾತ್ರಿ ಯಾವಾಗಲೂ. ಅಲ್ಲಿನ ಭಾಷೆಗಳಲ್ಲಿ ಕನ್ನಡವೂ ಒಂದು.